ಅತ್ತೆಯ ಮುಖಕ್ಕೆ ತಕ್ಕ ಕ್ಯಾಮೆರಾ

ನಾನು ಕ್ಯಾಮೆರಾ ಕೊಂಡದ್ದು ಐವತ್ತೊಂದನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನನಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ನಾನು ನಗರ ಸಾರಿಗೆ ಬಸ್ಸಿನ ಕಂಡಕ್ಟರ್. ಯಲಹಂಕ, ಹೆಬ್ಬಾಳ, ಯಶವಂತಪುರ ಎಂದು ಕೂಗಿ ಕೂಗಿ ಇಪ್ಪತ್ತೆರಡು ವರ್ಷ ಕಳೆದಿದ್ದೆ. ದಿನವಿಡೀ ಮುಖಗಳನ್ನೇ ನೋಡುವವಳಿಗೆ ಮನೆಗೆ ಬಂದ ಮೇಲೆ ಇನ್ನೊಂದು ಮುಖವನ್ನು ಹುಡುಕಿಕೊಂಡು ಹೋಗುವ ಆಸೆ ಇರುವುದಿಲ್ಲ. ಆ ಆಸೆ ಹುಟ್ಟಿಸಿದವಳು ನನ್ನ ಸೋದರತ್ತೆ, ನಮ್ಮಪ್ಪನ ಅಕ್ಕ.

ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ. ಅತ್ತೆಯನ್ನು ಕೊಟ್ಟದ್ದು ಹುಣಸಮಾರನಹಳ್ಳಿಗೆ. ನನಗೆ ಆರು ವರ್ಷವಾಗಿದ್ದಾಗ ಅಮ್ಮ ಕಾಯಿಲೆಯಿಂದ ತೀರಿಕೊಂಡಳು. ತಿಥಿ ಮುಗಿದ ಮಾರನೆಯ ದಿನ ಅತ್ತೆ ನನ್ನ ಎರಡು ಲಂಗಗಳನ್ನು ಒಂದು ಚೀಲಕ್ಕೆ ತುಂಬಿ, ಯಾರನ್ನೂ ಕೇಳದೆ, ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಮುಂದಿನ ಹತ್ತು ವರ್ಷ ನಾನು ಬೆಳೆದದ್ದು ಅವಳ ದ್ರಾಕ್ಷಿ ತೋಟದಲ್ಲಿ. ಅವಳಿಗೆ ಮೂವರು ಗಂಡುಮಕ್ಕಳಿದ್ದರು, ನಾನು ನಾಲ್ಕನೆಯವಳಾದೆ. ತಟ್ಟೆಗೆ ಬಡಿಸುವಾಗ ಅವಳು ನನ್ನಿಂದಲೇ ಶುರು ಮಾಡುತ್ತಿದ್ದಳು. ಈಗ ಆ ತೋಟವಿಲ್ಲ. ಅಲ್ಲಿ ಅವಳ ಮಕ್ಕಳು ಕಟ್ಟಿಸಿದ ಎರಡು ಕಟ್ಟಡಗಳಿವೆ, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವರು ಬಾಡಿಗೆಗಿದ್ದಾರೆ. ನೆಲಮಹಡಿಯಲ್ಲಿ ದೊಡ್ಡ ಮಗ ಸೊಸೆಯ ಜೊತೆ ಅತ್ತೆ ಇದ್ದಾಳೆ. ಎಂಬತ್ತು ದಾಟಿದೆ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಮೂರು ವರ್ಷಗಳ ಹಿಂದೆ ಅತ್ತೆಯ ಪಕ್ಕದ ಮನೆಯ ಗೆಳತಿ ತೀರಿಕೊಂಡಳು. ಅರವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು. ಹನ್ನೊಂದನೇ ದಿನದ ಕಾರ್ಯಕ್ಕೆ ನಾನೂ ರಜೆ ಹಾಕಿ ಹೋಗಿದ್ದೆ. ಶಾಮಿಯಾನದ ಕೆಳಗೆ, ಕುರ್ಚಿಯ ಮೇಲೆ, ಹೂವಿನ ಹಾರ ಹಾಕಿ ಒಂದು ಫೋಟೋ ಇಟ್ಟಿದ್ದರು. ಆಕೆಯದು ಬೇರೆ ಫೋಟೋ ಇರಲಿಲ್ಲವಂತೆ. ಗುರುತಿನ ಚೀಟಿಯಲ್ಲಿದ್ದ ಉಗುರಗಲದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರು. ಬೂದಿ ಬಣ್ಣದ ಮುಖ, ಬೆದರಿದ ಕಣ್ಣು, ಬಾಯಿ ಇರುವ ಜಾಗದಲ್ಲಿ ಒಂದು ಗೆರೆ. ಅತ್ತೆ ಹತ್ತಿರ ಹೋಗಿ, ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ ಅಂದಳು:

"ಇದ್ಯಾರು?"

ಸೊಸೆ ಅವಳ ಕೈ ಜಗ್ಗಿದಳು. ಅತ್ತೆ ಊಟಕ್ಕೆ ಕೂರಲಿಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕೂತು ನನಗೆ ಹೇಳಿದಳು: "ಅಮ್ಮಿ, ಅವ್ಳು ನಗ್ತಿದ್ರೆ ಬೀದಿ ಕೊನೆಗಂಟ ಕೇಳ್ಸದು. ಅಂತೋಳ್ನ ಅಂಗೆ ಕೂರ್ಸವ್ರಲ್ಲ. ನಂದು ಇಂಗೆ ಆಗ್ಬಾರ್ದು ಕಣಮ್ಮಿ. ನಾನ್ ಬದ್ಕಿರೋವಾಗ್ಲೇ ಒಂದ್ ಒಳ್ಳೆ ಫೋಟೋ ತೆಗ್ದುಬುಡು."

ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ವಸ್ತು ಅದು. ಅಲ್ಲೇ, ಆ ಕ್ಷಣವೇ ಮೊಬೈಲ್ ತೆಗೆದು ನಾಲ್ಕು ಫೋಟೋ ಹೊಡೆದೆ. ವಿದ್ಯಾರಣ್ಯಪುರದ ಒಂದು ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮುಂದಿನ ವಾರದ ರಜೆಗೆ ತೆಗೆದುಕೊಂಡು ಹೋದೆ. ಅತ್ತೆ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, ತಿರುಗಿಸಿ ನೋಡಿದಳು.

"ಎಂಗೈತೆ ಅತ್ತೆ?" ಅಂದೆ. ಅವಳ ಮುಂದೆ ನನಗೂ ಅವಳ ಮಾತೇ ಬರುತ್ತದೆ.

"ಚೆಂದಾಗೈತೆ. ಆದ್ರೆ ನನ್ ಸುಕ್ಕೆಲ್ಲ ಎಲ್ಲೋಯ್ತು?"

ಆಗಲೇ ನಾನೂ ಸರಿಯಾಗಿ ನೋಡಿದ್ದು. ಮೊಬೈಲ್ ತನ್ನ ಪಾಡಿಗೆ ತಾನು ಅವಳ ಮುಖವನ್ನು ಒರೆಸಿ ನುಣ್ಣಗೆ ಮಾಡಿಬಿಟ್ಟಿತ್ತು. ಹಣೆಯ ಗೆರೆಗಳಿಲ್ಲ, ಕೆನ್ನೆಯ ಮೇಲಿನ ಕಪ್ಪು ಮಚ್ಚೆ ಮಾಸಿತ್ತು. ಯಾವುದೋ ಸೋಪಿನ ಜಾಹೀರಾತಿನ ಅಜ್ಜಿಯಂತೆ ಕಾಣುತ್ತಿದ್ದಳು. ಸರಿ, ಒಂದು ನಿಜವಾದ ಕ್ಯಾಮೆರಾ ತೆಗೆದುಕೊಳ್ಳುತ್ತೇನೆ ಅಂತ ಅವತ್ತೇ ತೀರ್ಮಾನ ಮಾಡಿದೆ. ಹಬ್ಬದ ಬೋನಸ್ಸು, ಚೀಟಿ ಎತ್ತಿದ್ದು ಎಲ್ಲ ಸೇರಿ ನಲವತ್ತು ಸಾವಿರ ನನ್ನದು ಅಂತ ಇತ್ತು. ಅದರೊಳಗೆ ಆಗಬೇಕಿತ್ತು.

ನನ್ನ ಬಸ್ಸಿನ ಡ್ರೈವರ್ ಮೂವತ್ತು ದಾಟಿದವನು. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಕ್ಯಾಮೆರಾ, ಬೈಕು, ಡ್ರೋನು ಇವುಗಳ ವಿಡಿಯೋ ನೋಡುವುದೇ ಅವನ ಕೆಲಸ. ಅವನನ್ನು ಕೇಳಿದ್ದೇ ತಡ, ಡಬ್ಬಿ ಮುಚ್ಚಿಟ್ಟು ಪಾಠ ಶುರು ಮಾಡಿದ.

"ಅಕ್ಕಾ, ತಗೊಂಡ್ರೆ ಫುಲ್ ಫ್ರೇಮೇ ತಗೋಬೇಕು. ಅದ್ರ ಮುಂದೆ ಮಿಕ್ಕಿದ್ದೆಲ್ಲ ವೇಸ್ಟು. ಮೆಗಾಪಿಕ್ಸೆಲ್ ಜಾಸ್ತಿ ಇರ್ಬೇಕು. ಜೂಮ್ ಲೆನ್ಸ್ ಇರ್ಲೇಬೇಕು. ಆಮೇಲೆ ಫೋರ್ ಕೆ ವಿಡಿಯೋ."

"ನಂಗ್ ವಿಡಿಯೋ ಯಾಕಪ್ಪಾ?"

"ಇರ್ಲಿ ಅಕ್ಕಾ. ಇದ್ರೆ ಒಳ್ಳೇದು."

ಅವನು ಹೇಳಿದ್ದನ್ನೆಲ್ಲ ಹಳೆಯ ಟ್ರಿಪ್ ಶೀಟಿನ ಹಿಂದೆ ಬರೆದುಕೊಂಡೆ. ಆ ಚೀಟಿ ಹಿಡಿದು ಹೆಬ್ಬಾಳದ ಕಡೆಯ ಒಂದು ದೊಡ್ಡ ಶೋರೂಮಿಗೆ ಹೋದೆ. ಅಲ್ಲಿದ್ದ ಹುಡುಗಿ ತುಂಬ ಮರ್ಯಾದೆಯಿಂದ ಮಾತಾಡಿಸಿದಳು. "ಮೇಡಂ, ಪ್ರೊಫೆಷನಲ್ ಯೂಸ್‌ಗಾ, ಹಾಬಿಗಾ?" ಎಂದು ಕೇಳಿದಳು.

"ನಮ್ಮತ್ತೆಗೆ," ಅಂದೆ.

"ಓ, ಅವ್ರು ಫೋಟೋಗ್ರಾಫರಾ?"

ನಾನು ವಿವರಿಸಲು ಹೋಗಲಿಲ್ಲ. ಅವಳು ತೋರಿಸಿದ ಕ್ಯಾಮೆರಾಗಳೆಲ್ಲ ಚೆನ್ನಾಗಿದ್ದವು, ಬೆಲೆಯೂ ಹಾಗೇ ಇತ್ತು. ನನ್ನ ಚೀಟಿಯಲ್ಲಿದ್ದದ್ದೆಲ್ಲ ಸೇರಬೇಕಾದರೆ ನನ್ನ ಹಣದ ಮೂರು ಪಟ್ಟು ಬೇಕಿತ್ತು. ಕಂತಿನಲ್ಲಿ ಕೊಡಬಹುದು ಅಂದಳು. ಗಾಜಿನ ಮೇಲಿಟ್ಟ ಆ ಕಪ್ಪು ಯಂತ್ರವನ್ನು ನೋಡುತ್ತ, ಇನ್ನೇನು ಹೂಂ ಅನ್ನುವುದರಲ್ಲಿದ್ದೆ. ಯಾಕೋ, ಮನೆಯಲ್ಲಿ ಕೇಳಿ ಹೇಳ್ತೀನಿ ಎಂದು ಹೊರಗೆ ಬಂದೆ.

ನನ್ನ ಗಂಡ ಎಲೆಕ್ಟ್ರಿಷಿಯನ್. ಮಾತು ಕಡಿಮೆ. ನಾನು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಚಪಾತಿ ತಿನ್ನುತ್ತಿದ್ದ. ಆಮೇಲೆ, "ಆರ್.ಟಿ. ನಗರದಲ್ಲಿ ಒಬ್ರು ಹಿರಿಯರಿದ್ದಾರೆ, ಕ್ಯಾಮೆರಾ ರಿಪೇರಿ ಮಾಡ್ತಾರೆ, ಹಳೇದನ್ನ ಮಾರ್ತಾರೆ. ಅವ್ರ ಅಂಗ್ಡಿ ವೈರಿಂಗ್ ನಾನೇ ಮಾಡಿದ್ದು. ಒಂದ್ಸಲ ಅವ್ರನ್ನ ಕೇಳ್ಬಿಟ್ಟು ಆಮೇಲೆ ಏನ್ ಬೇಕಾದ್ರೂ ತಗೋ," ಅಂದ. ಇಷ್ಟೇ. ಆ ಒಂದು ಮಾತಿಗೆ ನಾನು ಅವನಿಗೆ ಇವತ್ತಿಗೂ ಋಣಿ.

ಅಂಗಡಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಅವರು ಎಪ್ಪತ್ತರ ಆಸುಪಾಸಿನವರು, ಬಿಳಿ ಗಡ್ಡ, ಹಣೆಯ ಮೇಲೆ ಏರಿಸಿಕೊಂಡ ಕನ್ನಡಕ. ಮೇಜಿನ ಮೇಲೆ ಬಿಚ್ಚಿಟ್ಟ ಕ್ಯಾಮೆರಾದ ತಿರುಪುಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ್ದರು. ರೀಲಿನ ಕಾಲದಿಂದ ಇದೇ ಕೆಲಸವಂತೆ. ನಾನು ಚೀಟಿ ಕೊಟ್ಟೆ. ಓದಿ, ಮಡಚಿ ನನಗೇ ವಾಪಸ್ಸು ಕೊಟ್ಟರು.

"ಇದು ಕ್ಯಾಮೆರಾ ವಿಷ್ಯ ಆಯ್ತಮ್ಮಾ. ನಿಮ್ ವಿಷ್ಯ ಹೇಳಿ. ಯಾರ್ ಫೋಟೋ ತೆಗೀತೀರಾ? ಮನೆ ಒಳ್ಗಾ, ಹೊರ್ಗಾ? ದೊಡ್ಡದಾಗಿ ಗೋಡೆಗೆ ಹಾಕ್ತೀರಾ, ಮೊಬೈಲಲ್ಲೇ ನೋಡ್ತೀರಾ? ಆಮೇಲೆ, ಕೈಗೆ ಪಟ್ಟಿ ಯಾಕೆ ಕಟ್ಟಿದೀರಾ?"

ಬಲ ಮಣಿಕಟ್ಟಿಗೆ ನಾನು ಸದಾ ಪಟ್ಟಿ ಸುತ್ತಿರುತ್ತೇನೆ. ವರ್ಷಗಟ್ಟಲೆ ಟಿಕೆಟ್ ಮೆಷಿನ್ ಹಿಡಿದು ನರ ಸೋತಿದೆ. ಅದನ್ನು ಹೇಳಿದೆ. ಅತ್ತೆಯ ವಿಷಯ ಹೇಳಿದೆ. ಅವಳ ಗೆಳತಿಯ ಬೂದಿ ಬಣ್ಣದ ಫೋಟೋ, ನನ್ನ ನಲವತ್ತು ಸಾವಿರ, ಮಾರನೆಯ ದಿನದ ರಜೆ, ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ಒಳಗಿನಿಂದ ಒಂದು ದೊಡ್ಡ ಕ್ಯಾಮೆರಾ, ಒಂದು ಚಿಕ್ಕದು ತಂದರು. ಎರಡೂ ಯಾರೋ ಬಳಸಿ ಬಿಟ್ಟವು.

"ಎರಡೂ ನಿಮ್ ಬಜೆಟ್ಟಲ್ಲಿ ಬರ್ತದೆ. ಯಾವ್ದು ಬೇಕು?"

ದೊಡ್ಡದರ ಮೇಲೆ ನನ್ನ ಕಣ್ಣು. ಅಷ್ಟು ಹಣ ಕೊಟ್ಟ ಮೇಲೆ ನೋಡಿದವರಿಗೆ ಕ್ಯಾಮೆರಾ ಅಂತ ಗೊತ್ತಾಗಬೇಡವೇ? ನಾನು ಅದನ್ನು ತೋರಿಸಿದೆ. ಅವರು ಬೇಡ ಅನ್ನಲಿಲ್ಲ. ಬ್ಯಾಟರಿ ಹಾಕಿ, ಎಲ್ಲಿ ಒತ್ತಬೇಕು ಅಂತ ಹೇಳಿಕೊಟ್ಟು, ಚೀಲಕ್ಕಿಟ್ಟು ನನ್ನ ಕೈಗೆ ಕೊಟ್ಟರು.

"ನಾಳೆ ರಜಾ ಅಂದ್ರಲ್ಲ. ತಗೊಂಡ್ ಹೋಗಿ, ನಿಮ್ ಅತ್ತೇದು ಫೋಟೋ ತೆಗೀರಿ. ನಾಡಿದ್ದು ಬನ್ನಿ, ಮಾತಾಡೋಣ."

"ದುಡ್ಡು?"

"ಇನ್ನೂ ನೀವ್ ತಗೊಂಡೇ ಇಲ್ವಲ್ಲಾ."

ಅಡವಾಗಿ ಏನನ್ನೂ ಇಟ್ಟುಕೊಳ್ಳಲಿಲ್ಲ. ಬಸ್ಸಿನಲ್ಲಿ ಆ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮಾರನೆಯ ದಿನ ಹುಣಸಮಾರನಹಳ್ಳಿಯಲ್ಲಿ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಅವತ್ತು ಅಳು ಬಂದಿತ್ತು. ಅತ್ತೆ ರೇಷ್ಮೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಹಾಲ್‌ನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಾನು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದ್ದೇ ತಡ, ಅವಳ ಮುಖ ಕಲ್ಲಾಯಿತು. ಗಲ್ಲ ಮೇಲೆ, ಕೈ ಎರಡೂ ಮೊಣಕಾಲ ಮೇಲೆ, ಕಣ್ಣು ಅಗಲ.

"ನಗು ಅತ್ತೆ."

"ಯಾರ್ನ ನೋಡ್ ನಗ್ಲಿ? ನಿನ್ ಮುಖಾನೇ ಕಾಣಾಕಿಲ್ವಲ್ಲ. ಕೋವಿ ಇಡ್ದಂಗೆ ಇಡ್ದಿದೀಯ."

ಹತ್ತು ನಿಮಿಷದಲ್ಲಿ ಮಣಿಕಟ್ಟು ಸೆಳೆಯತೊಡಗಿತು. ಬೆಳಕು ಸಾಲದು ಅಂತ ಫ್ಲ್ಯಾಶ್ ಹಾಕಿದರೆ ಅವಳು ಕಣ್ಣು ಮುಚ್ಚುತ್ತಿದ್ದಳು. ನಲವತ್ತು ಫೋಟೋ ತೆಗೆದೆ. ನಲವತ್ತರಲ್ಲೂ ಒಂದೇ ಮುಖ, ಗುರುತಿನ ಚೀಟಿಗೆ ಕೂತ ಮುಖ. ಅತ್ತೆಗೆ ನನ್ನ ಬೇಸರ ಗೊತ್ತಾಯಿತು. "ಓಗ್ಲಿ ಬುಡು, ನನ್ ಮುಖವೇ ಅಂಗೆ," ಎಂದು ಸೀರೆ ಬದಲಿಸಲು ಎದ್ದು ಹೋದಳು. ಆ ಮಾತು ನನ್ನನ್ನು ತುಂಬ ನೋಯಿಸಿತು.

ಅದರ ಮಾರನೆಯ ದಿನ ಅಂಗಡಿಗೆ ಹೋಗಿ ಕ್ಯಾಮೆರಾ ಮೇಜಿನ ಮೇಲಿಟ್ಟು, ನನಗೆ ಇದೆಲ್ಲ ಆಗಿಬರುವುದಿಲ್ಲ ಅಂದೆ. ಅವರು ಫೋಟೋಗಳನ್ನು ಒಂದೊಂದಾಗಿ ನೋಡಿದರು.

"ಫೋಕಸ್ ಕರೆಕ್ಟಾಗಿದೆ. ಕೈ ಅಲ್ಲಾಡಿಲ್ಲ. ನಿಮ್ ತಪ್ಪು ಇದ್ರಲ್ಲಿ ಏನೂ ಇಲ್ಲಮ್ಮಾ. ಅವ್ರು ಏನಂದ್ರು?"

ಕೋವಿಯ ಮಾತು ಹೇಳಿದೆ. ಅವರು ಜೋರಾಗಿ ನಕ್ಕರು. "ಸರಿಯಾಗೇ ಹೇಳಿದ್ದಾರೆ!" ಎನ್ನುತ್ತ ಆ ಚಿಕ್ಕ ಕ್ಯಾಮೆರಾವನ್ನು ನನ್ನ ಮುಂದೆ ತಳ್ಳಿದರು. ಅದರ ಹಿಂದಿನ ಪರದೆಯನ್ನು ಉಗುರಿನಿಂದ ಎಬ್ಬಿಸಿ ಮೇಲಕ್ಕೆ ಮಡಚಿದರು. ಅಂಗೈಯಲ್ಲಿ ಹಿಡಿದು ತೊಡೆಯ ಹತ್ತಿರ ಇಟ್ಟುಕೊಂಡರೆ, ಬಾವಿಯೊಳಗೆ ಬಗ್ಗಿ ನೋಡಿದಂತೆ ಚಿತ್ರ ಕಾಣುತ್ತಿತ್ತು. ಕ್ಯಾಮೆರಾ ಕೆಳಗೆ, ನನ್ನ ಮುಖ ಮೇಲೆ, ಮರೆಯಿಲ್ಲದೆ.

"ಈಗ ಅವ್ರು ನಿಮ್ಮನ್ನ ನೋಡ್ತಾರೆ. ನೀವ್ ಅವ್ರನ್ನ ನೋಡ್ತೀರಾ. ಇದು ತನ್ನ ಕೆಲ್ಸ ತಾನ್ ಮಾಡ್ತದೆ. ಭಾರ ಇಲ್ಲ, ನಿಮ್ ಕೈಗೆ ಒಳ್ಳೇದು. ಸದ್ದೂ ಇಲ್ಲ."

ಅದಕ್ಕೆ ಹಾಕಿದ್ದ ಲೆನ್ಸು ಪುಟ್ಟದು. ಜೂಮ್ ಇಲ್ಲವೇ ಎಂದು ಕೇಳಿದೆ. ಡ್ರೈವರ್ ಹೇಳಿದ್ದು ತಲೆಯಿಂದ ಇನ್ನೂ ಹೋಗಿರಲಿಲ್ಲ.

"ಬಸ್ಸಲ್ಲಿ ದಿನಾ ಮುಂದೆ ಹಿಂದೆ ನಡೀತೀರಲ್ಲ? ಇಲ್ಲೂ ನಡೀರಿ. ಹತ್ರ ಬೇಕಂದ್ರೆ ಹತ್ರ ಹೋಗಿ. ಜೂಮ್ ಇಲ್ಲ, ಆದ್ರೆ ಈ ಲೆನ್ಸು ಬೆಳಕನ್ನ ಚೆನ್ನಾಗಿ ಕುಡೀತದೆ. ಮನೆ ಒಳ್ಗೆ ಕಿಟಕಿ ಪಕ್ಕ ಕೂರ್ಸಿದ್ರೆ ಸಾಕು, ಫ್ಲ್ಯಾಶ್ ಮುಟ್ಟೋದೇ ಬೇಡ."

ಕ್ಯಾಮೆರಾ ಏಳೆಂಟು ವರ್ಷ ಹಳೆಯದು, ತಳದಲ್ಲಿ ಉದ್ದನೆಯ ಒಂದು ಗೀರು. ನಾನು ಆ ಗೀರಿನ ಮೇಲೆ ಬೆರಳಾಡಿಸುವುದನ್ನು ಕಂಡು, "ಅದು ಫೋಟೋದಲ್ಲಿ ಬರಲ್ಲಮ್ಮಾ," ಅಂದರು. ಕ್ಯಾಮೆರಾಕ್ಕೆ ಕಡಿಮೆ, ಲೆನ್ಸಿಗೆ ಸ್ವಲ್ಪ ಹೆಚ್ಚು ಖರ್ಚು ಮಾಡಿಸಿದರು. ನಾನು ಉಳಿದ ಹಣಕ್ಕೆ ಒಂದು ಸ್ಟ್ಯಾಂಡು, ದೊಡ್ಡ ಬ್ಯಾಗು ಕೇಳಿದಾಗ ಕೊಡಲಿಲ್ಲ. "ಅದನ್ನ ಪ್ರಿಂಟಿಗೆ ಇಟ್ಕೊಳ್ಳಿ. ಪ್ರಿಂಟ್ ಹಾಕಿಸ್ದೇ ಇದ್ರೆ ಅವ್ರು ಎಲ್ಲಿ ನೋಡ್ತಾರೆ?" ಮಾರುವವರೇ ಹೀಗೆ ಬೇಡ ಅಂದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮುಂದಿನ ರಜೆ ಬಂದದ್ದು ಅವರೆಕಾಯಿಯ ಕಾಲದಲ್ಲಿ. ನಾನು ಹೋದಾಗ ಅತ್ತೆ ಹಳೆಯ ನೂಲಿನ ಸೀರೆಯಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ ಕಾಲು ಚಾಚಿ ಕೂತು, ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಇದೇನು, ಆಟದ ಸಾಮಾನಾ?" ಅಂದಳು. ನಾನೂ ಎದುರಿಗೆ ಕೂತೆ. ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ನಾನೂ ಕಾಯಿ ಸುಲಿಯತೊಡಗಿದೆ. ಬೆಳಗಿನ ಬಿಸಿಲು ಅವಳ ಒಂದು ಕೆನ್ನೆಯ ಮೇಲಿತ್ತು.

"ಅತ್ತೆ, ನಾನು ದ್ರಾಕ್ಷಿ ಕುಕ್ಕೆಯೊಳ್ಗೆ ನಿದ್ದೆ ಮಾಡ್ಬಿಟ್ಟಿದ್ದೆ ಅಂತಿದ್ಯಲ್ಲ, ಅವತ್ತು ಏನಾಯ್ತು?"

"ಅಯ್ಯೋ, ಅದೇನ್ ಕೇಳ್ತೀಯ!" ಎಂದು ಅವಳು ಶುರು ಮಾಡಿದಳು. ಕಳೆದುಹೋದ ನನ್ನನ್ನು ಇಡೀ ತೋಟ ಹುಡುಕಿದ್ದು. ಮಾವ ಬಾವಿಗೆ ಇಳಿಯಲು ಹಗ್ಗ ಕಟ್ಟಿಕೊಂಡದ್ದು. ಅಷ್ಟರಲ್ಲಿ ಮಾರುಕಟ್ಟೆಗೆ ಹೊರಟ ಗಾಡಿಯ ಮೇಲಿಂದ ಯಾರೋ ಸೀನಿದ್ದು. ಗಾಡಿಯವನು ದೆವ್ವ ಅಂತ ಹಾರಿ ಓಡಿದ್ದು. ಗಾಡಿಯವನು ಓಡಿದ ರೀತಿಯನ್ನು ಅವಳು ಕೂತಲ್ಲೇ ಎರಡು ಕೈ ಬೀಸಿ ಮಾಡಿ ತೋರಿಸಿದಳು. ಅಷ್ಟರಲ್ಲಿ ಮನೆಯ ಮೇಲೆ ವಿಮಾನ ಹೋಯಿತು. ಆ ಸದ್ದಿಗೆ ಮಾತು ನಿಲ್ಲಿಸಬೇಕಾಗಿ ಬಂದು, ಮಾತಿಲ್ಲದೆ ಉಳಿದ ನಗು ಅವಳ ಮುಖವನ್ನೆಲ್ಲ ತುಂಬಿತು. ಉಳಿದಿದ್ದ ನಾಲ್ಕು ಹಲ್ಲು, ಮುಚ್ಚಿಹೋದ ಕಣ್ಣು, ಒಂದೊಂದು ಗೆರೆಯೂ ಕಂಡಿತು. ನನ್ನ ಹೆಬ್ಬೆರಳು ಒತ್ತುತ್ತಲೇ ಇತ್ತು.

ವಿಮಾನ ದಾಟಿದ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಸರಿ, ಫೋಟೋ ಯಾವಾಗ್ ತೆಗೀತೀಯ? ಸೀರೆ ಬದ್ಲಾಯಿಸ್ಕೊಂಡ್ ಬರ್ಲಾ?"

"ತೆಗ್ದಾಯ್ತು ಅತ್ತೆ."

ನಂಬಲಿಲ್ಲ. ತೋರಿಸಿದೆ. ಅವರೆಕಾಯಿಯ ಸೊನೆ ಹತ್ತಿದ್ದ ಬೆರಳನ್ನು ಸೀರೆಗೆ ಒರೆಸಿಕೊಂಡು, ಪರದೆಯ ಮೇಲೆ ಕೆನ್ನೆಯ ಮಚ್ಚೆಯನ್ನು ಮುಟ್ಟಿ ನೋಡಿದಳು. "ಊಂ, ಇದು ನಾನು," ಅಂದಳು.

ಕಟ್ಟು ಹಾಕಿಸಿ ಕೊಟ್ಟ ಆ ಫೋಟೋ ಮನೆಯಲ್ಲಿ ಸಣ್ಣ ಜಗಳವನ್ನೇ ಎಬ್ಬಿಸಿತು. ಅತ್ತೆ ಅದನ್ನು ಹಾಲ್‌ನ ಗೋಡೆಗೆ ತೂಗುಹಾಕಿಸಿದಳು. ಬದುಕಿರುವವರ ಫೋಟೋವನ್ನು ಹಾಗೆ ಒಂದೇ ಹಾಕಬಾರದು, ನೋಡಿದವರು ಏನೋ ಅಂದುಕೊಳ್ಳುತ್ತಾರೆ ಅಂತ ದೊಡ್ಡ ಮಗ ತೆಗೆಯಲು ಹೋದ. "ಸತ್ ಮೇಲೆ ಆಕಿದ್ರೆ ನಾನ್ ನೋಡಕ್ಕಾಯ್ತದೇನ್ಲಾ?" ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದಳು. ಮಗ ಹೇಳಿದ್ದೂ ಸುಳ್ಳಾಗಲಿಲ್ಲ. ಬಾಡಿಗೆ ಕೇಳಿಕೊಂಡು ಬಂದ ಒಬ್ಬ ಯುವಕ ಫೋಟೋದ ಮುಂದೆ ಭಕ್ತಿಯಿಂದ ಕೈ ಮುಗಿದನಂತೆ. ಒಳಗಿನಿಂದ ಅತ್ತೆಯೇ ಬಂದು ಕಾಫಿ ಕೊಟ್ಟಾಗ ಅವನು ಲೋಟ ಬೀಳಿಸುವುದೊಂದು ಬಾಕಿ. ಮನೆ ಮಾತ್ರ ಅವನಿಗೇ ಕೊಟ್ಟಳು.

ಆ ಫೋಟೋ ನೋಡಿದ ಊರಿನ ಹೆಂಗಸರು ಒಬ್ಬೊಬ್ಬರಾಗಿ ಕೇಳತೊಡಗಿದರು. ಮುಂದಿನ ಕೆಲವು ತಿಂಗಳು ವಾರದ ರಜೆಗೆ ನಾನು ಅತ್ತೆಯ ಜಗಲಿಯಲ್ಲಿ ಹೋಗಿ ಕೂರುತ್ತಿದ್ದೆ. ಒಂಬತ್ತು ಜನ ಬಂದರು. ಯಾರಿಗೂ ನಗಿ ಅಂತ ಹೇಳಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಮಾತಾಡಿಸುತ್ತಿದ್ದಳು, ನಾನು ಒತ್ತುತ್ತಿದ್ದೆ. ಅವರಲ್ಲಿ ಒಬ್ಬಾಕೆ ಎಲೆ ಅಡಿಕೆ ಮೆಲ್ಲದೆ ಫೋಟೋಗೆ ಕೂರುವುದಿಲ್ಲ ಅಂದಳು. ಕೆಂಪು ಬಾಯಿಯಲ್ಲೇ ತೆಗೆದೆ. ಕಳೆದ ವರ್ಷ ಆಕೆ ತೀರಿಕೊಂಡಾಗ ಅವಳ ಮಗ ನನ್ನ ಬಸ್ಸನ್ನೇ ಹುಡುಕಿಕೊಂಡು ಯಲಹಂಕದ ನಿಲ್ದಾಣಕ್ಕೆ ಬಂದಿದ್ದ. "ಅಕ್ಕಾ, ಕಾರ್ಯದಲ್ಲಿ ನೀವ್ ತೆಗ್ದ ಅಮ್ಮನ್ ಫೋಟೋನೇ ಇಟ್ಟಿದ್ವಿ. ಬಂದೋರೆಲ್ಲ ಅದನ್ನ ನೋಡಿ ಅವಳ ಬಗ್ಗೇನೇ ಮಾತಾಡಿದ್ರು," ಅಂದ. ಡ್ರೈವರ್ ಬಸ್ಸು ಹೊರಡಿಸದೆ ಎರಡು ನಿಮಿಷ ಕಾದ.

ಅತ್ತೆಯ ಫೋಟೋದ ಒಂದು ಪ್ರತಿಯನ್ನು ಆರ್.ಟಿ. ನಗರದ ಹಿರಿಯರಿಗೂ ಕೊಟ್ಟಿದ್ದೆ. ಅವರು ಭೂತಗನ್ನಡಿ ಹಿಡಿದು ಮೂಲೆ ಮೂಲೆ ನೋಡಿದರು. ಹೊಗಳಲಿಲ್ಲ. "ಚಾ ಕುಡೀತೀರಾ?" ಎಂದು ಕೇಳಿ, ಕೆಳಗಿನ ಅಂಗಡಿಗೆ ಕೂಗಿ ಎರಡು ತರಿಸಿದರು. ನಾನು ಹೊರಡುವಾಗ ಆ ಫೋಟೋ ಅವರ ಮೇಜಿನ ಗಾಜಿನ ಕೆಳಗೆ ಸೇರಿತ್ತು. ಈಗಲೂ ಅಲ್ಲೇ ಇದೆ. ದೊಡ್ಡ ಕ್ಯಾಮೆರಾ ಬೇಕೆಂದು ಬರುವವರಿಗೆ ಅವರು ಮೊದಲು ಅದನ್ನು ತೋರಿಸುತ್ತಾರಂತೆ. ನನ್ನ ಡ್ರೈವರ್ ಕೂಡ ಒಮ್ಮೆ ಅಲ್ಲಿಗೆ ಹೋಗಿ, ಫುಲ್ ಫ್ರೇಮ್ ಮಾತು ಬಿಟ್ಟು, ತನ್ನ ಹೆಂಡತಿಗೆ ಒಂದು ಸಣ್ಣ ಕ್ಯಾಮೆರಾ ತಂದ.

ಕಳೆದ ತಿಂಗಳು ಅತ್ತೆ ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡಳು. "ಯಾವಾಗ್ಲೂ ನಂದೇ ಯಾಕೆ? ಕೊಡಿಲ್ಲಿ," ಎಂದು. ಎಲ್ಲಿ ಒತ್ತಬೇಕೆಂದು ತೋರಿಸಿದೆ. ಮೊದಲು ತುಳಸಿ ಗಿಡದ್ದು ತೆಗೆದಳು, ಆಮೇಲೆ ಮೆಟ್ಟಿಲ ಕೆಳಗೆ ಮಲಗಿದ್ದ ಬೆಕ್ಕಿನದು, ಒಣಹಾಕಿದ್ದ ಹಪ್ಪಳದ್ದು. ಕೊನೆಗೆ ನನ್ನತ್ತ ತಿರುಗಿದಳು. ನಾನು ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಲ್ಲಿ ಮರೆಮಾಡಿ, ನೆಟ್ಟಗೆ ಕೂತೆ.

"ಅಂಗ್ಯಾಕ್ ಕೂತ್ಕೊಂಡೆ ಗೊಂಬೆಯಂಗೆ?" ಅಂದಳು. "ಉಂಡ್ಯಾ, ಯೋಳು. ಏನ್ ಸಾರು ಮಾಡಿದ್ದೆ ಬೆಳಗ್ಗೆ?"

ಸೊಪ್ಪಿನ ಸಾರು ಸೀದುಹೋದ ಕತೆಯನ್ನು ನಾನು ಹೇಳುತ್ತಿದ್ದಾಗ ಅವಳು ಒತ್ತಿದ್ದಳು. ಹಣೆ ಅರ್ಧ ಕತ್ತರಿಸಿಹೋಗಿದೆ, ಎಲ್ಲವೂ ಸ್ವಲ್ಪ ಎಡಕ್ಕೆ ವಾಲಿದೆ. ನಾನು ಬಾಯಿ ತೆರೆದು ಏನೋ ಹೇಳುತ್ತಿದ್ದೇನೆ. ಅದನ್ನೂ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಸಿಂಗಾಪುರದ ನಮ್ಮ ಮನೆಯ ಹಾಲ್‌ನಲ್ಲಿ ತೂಗುಹಾಕಿದ್ದೇನೆ.